ಅತ್ತೆಯೊಡನೆ ಓಡಿಬಂದವಳು

ಮಾರ್ಚ್ ೪, ಮಂಗಳವಾರ

ಇವತ್ತು ಹನ್ನೊಂದು ಜನ ನಮ್ಮ ತಾರಸಿಯ ಕಡೆ ಕ್ಯಾಮೆರಾ ತಿರುಗಿಸಿದರು. ಎಣಿಸಿದ್ದೇನೆ. ಅವರಲ್ಲೊಬ್ಬಳು, ಅಗಲ ಟೋಪಿಯವಳು, ನಗುವಂತೆ ಸನ್ನೆಯನ್ನೂ ಮಾಡಿದಳು. ನಾನು ಒದ್ದೆ ಬೆಡ್‌ಶೀಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಅವಳು ಮುಂದೆ ಹೋದಮೇಲೂ ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು.

ಬಚ್ಚಿಟ್ಟುಕೊಳ್ಳಲು ಭೂಮಿಯ ಮೇಲೆ ಎಷ್ಟೊಂದು ಜಾಗಗಳಿವೆ. ನಾವು ಬಂದು ಸೇರಿದ್ದು ಜನ ನೋಡಲೆಂದೇ ಬರುವ ಬಡಾವಣೆಗೆ. ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ಕೆಳಗೆ ಸರೋವರ, ಲಾಂಚುಕಟ್ಟೆ. ಅಲ್ಲಿಂದ ಗುಡ್ಡದ ನೆತ್ತಿಯ ನೋಟದ ಕಟ್ಟೆಯ ತನಕ ಇನ್ನೂರ ಹನ್ನೆರಡು ಮೆಟ್ಟಿಲು. ಮೆಟ್ಟಿಲು ಮೆಟ್ಟಿಲಿಗೂ ಹೂವು, ಮೀನು, ಹಕ್ಕಿ ಬರೆದಿದ್ದಾರೆ. ಬಂದವರೆಲ್ಲ ಅದರ ಮೇಲೆ ಕೂತು, ನಿಂತು, ಕೆಲವರು ಮಲಗಿಯೂ ಫೋಟೊ ತೆಗೆಸಿಕೊಳ್ಳುತ್ತಾರೆ.

ಮೆಟ್ಟಿಲುಗಳ ನಡುಮಧ್ಯದ ಲಾಂಡ್ರಿಯಲ್ಲಿ ನನಗೂ ಅತ್ತೆಯವರಿಗೂ ಕೆಲಸ ಸಿಕ್ಕಿದೆ. ಸುತ್ತಲಿನ ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಕವರು, ಟವಲು ಎಲ್ಲ ಇಲ್ಲಿಗೇ ಬರುತ್ತವೆ. ಒಗೆಯುವುದು ಮಶೀನು. ತಾರಸಿಗೆ ಹೊತ್ತು ಒಣಹಾಕುವುದು ನಾನು. ಮಡಿಸುವುದು ಅತ್ತೆಯವರು. ಇರುವುದು ಮಶೀನುಗಳ ಮೇಲಿನ ಒಂದೇ ಕೋಣೆ. ಮಶೀನು ತಿರುಗುವಾಗ ನೆಲ ನಡುಗುತ್ತದೆ. ನನ್ನ ನಡುಕ ಅದರಲ್ಲಿ ಸೇರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಬಿಳಿ ಬೆಡ್‌ಶೀಟು, ಹಿಂದೆ ನೀಲಿ ನೀರು. ಚೆಂದ ಕಾಣುತ್ತದಂತೆ. ಈ ಹನ್ನೊಂದು ಫೋಟೊಗಳಲ್ಲಿ ಒಂದು ಯಾರ ಯಾರ ಕೈ ದಾಟಿ ಮನೆಯವರ ಕಣ್ಣಿಗೆ ಬಿದ್ದರೆ? ಹುಡುಕುತ್ತಲೇ ಇರುತ್ತಾರೆ. ಬಿಟ್ಟು ಸುಮ್ಮನಿರುವ ಜಾಯಮಾನ ಅವರದಲ್ಲ.

ಬಂದು ಹತ್ತೊಂಬತ್ತು ದಿನವಾಯಿತು. ಬಾಯಿಬಿಟ್ಟು ಹೇಳಿಕೊಳ್ಳಲು ಯಾರೂ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮಾರ್ಚ್ ೬, ಗುರುವಾರ

ಅತ್ತೆಯವರಿದ್ದಾರಲ್ಲ, ಅವರಿಗೆ ಹೇಳಬಹುದಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಹೇಳುವುದು ಹೇಗೆ? ನಾನು ಹೆದರುತ್ತಿರುವುದು ಅವರ ಮಗನಿಗೆ.

ಒಂಬತ್ತು ವರ್ಷ ಅವರು ನನಗೆ ಹೇಳಿದ್ದು ಒಂದೇ ಮಾತು. "ಹೊಂದಿಕೊಂಡು ಹೋಗಮ್ಮ. ಸಿಟ್ಟು ಇಳಿದ ಮೇಲೆ ಅವನಷ್ಟು ಒಳ್ಳೆಯವನು ಯಾರಿದ್ದಾನೆ?" ನನ್ನ ಎಡಗೈ ಮಣಿಕಟ್ಟು ಮುರಿದಾಗ ಆಸ್ಪತ್ರೆಯಲ್ಲಿ, ಬಚ್ಚಲಲ್ಲಿ ಜಾರಿದಳು ಎಂದು ಬರೆಸಿದವರೂ ಅವರೇ. ನಾನು ತಲೆಯಾಡಿಸಿದೆ.

ಕಳೆದ ತಿಂಗಳು ಮನೆಯವರು ಕೈ ಎತ್ತಿದಾಗ ಅತ್ತೆಯವರು ನಡುವೆ ಬಂದರು. ಏಟು ಅವರ ಬಾಯಿಗೆ ಬಿತ್ತು. ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. "ನೀನ್ಯಾಕೆ ಅಡ್ಡ ಬಂದೆ?" ಎಂದು ಅವರಿಗೇ ಬೈದು, ಕೈ ತೊಳೆದುಕೊಂಡು, ಮನೆಯವರು ಊಟಕ್ಕೆ ಕೂತರು.

ಮರುದಿನ ಬೆಳಿಗ್ಗೆ ಮನೆಯವರು ಸರ್ವೆ ಕಚೇರಿಗೆ ಹೊರಟು ಕಾಲು ಗಂಟೆಯೂ ಆಗಿರಲಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತೆಯವರು ತಮ್ಮ ಚೀಲ ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಕೈ ಒರೆಸ್ಕೋ. ನಡಿ."

"ಎಲ್ಲಿಗೆ ಅತ್ತೆ?"

"ಬಸ್ ಸ್ಟ್ಯಾಂಡಲ್ಲಿ ಯೋಚನೆ ಮಾಡೋಣ."

ನಮ್ಮಿಬ್ಬರ ಫೋನುಗಳನ್ನೂ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಿದ್ದರು. ಎರಡು ಬಸ್ಸು, ಒಂದು ಲಾಂಚು. ಪ್ರೀತಿಸಿದವನ ಜೊತೆ ಓಡಿಹೋದವರ ಸುದ್ದಿ ಕೇಳಿದ್ದೇನೆ. ಅತ್ತೆಯ ಜೊತೆ ಓಡಿಬಂದವಳು ನಾನೊಬ್ಬಳೇ ಇರಬೇಕು.

ಆದರೂ ಹೆದರಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವತ್ತಲ್ಲ ನಾಳೆ ಆ ಕರುಳು ಎಳೆಯುತ್ತದೆ. ದಿಂಬಿನ ಕವರು ಮಡಿಸುತ್ತ ಮಡಿಸುತ್ತ ಅವರ ಕೈ ನಿಂತುಬಿಡುತ್ತದೆ. ಕಣ್ಣು ಎಲ್ಲೋ ಇರುತ್ತದೆ. ಆಗೆಲ್ಲ ನಾನು ಬಾಗಿಲ ಕಡೆ ನೋಡುತ್ತೇನೆ.

ಮಾರ್ಚ್ ೧೧, ಮಂಗಳವಾರ

ಮೆಟ್ಟಿಲ ಮೇಲೆ ಮನೆಯವರದೇ ನಡಿಗೆ. ಅದೇ ತರಹದ ನೀಲಿ ಗೆರೆಯ ಶರ್ಟು. ಬುಟ್ಟಿ ಅಲ್ಲೇ ಬಿಸಾಕಿ ಓಡಿ ಬಂದು ಸೋಪಿನ ಡ್ರಮ್ಮುಗಳ ಹಿಂದೆ ನಿಂತೆ. ಆ ಮನುಷ್ಯ ಲಾಂಡ್ರಿಯ ಬಾಗಿಲಿಗೇ ಬಂದ. ಯಜಮಾನಿಯ ಹತ್ತಿರ ಏನೋ ಕೇಳಿದ, ಹೋದ.

"ಶೌಚಾಲಯ ಎಲ್ಲಿದೆ ಅಂತ ಕೇಳೋಕೆ ಬಂದಿದ್ದ," ಎಂದರು ಯಜಮಾನಿ. "ಪಾಪ, ಅವನಿಗೇ ಅರ್ಜೆಂಟು. ನೀನ್ಯಾಕೆ ಹಾವು ತುಳಿದ ಹಾಗೆ ಓಡ್ತೀಯ?"

ಜಿರಳೆ ಕಂಡಿತು ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಕೆಳಗೆ ಬಿದ್ದ ಆರು ಬೆಡ್‌ಶೀಟು ಮತ್ತೆ ಒಗೆಯಬೇಕಾಯಿತು.

ಮಾರ್ಚ್ ೧೯, ಬುಧವಾರ

ನೋಟದ ಕಟ್ಟೆಯ ಮೇಲೆ ಮೂರು ಕಾಲಿನ ದೊಡ್ಡ ದುರ್ಬೀನು ಇಟ್ಟುಕೊಂಡು ಬಂದವರಿಗೆ ಸರೋವರ ತೋರಿಸುವ ಮುದುಕರೊಬ್ಬರಿದ್ದಾರೆ. ಎಲ್ಲರ ಬಾಯಲ್ಲೂ ದುರ್ಬೀನು ತಾತ. ಅವರ ಅಂಗಿ ಕೊಡಲು ಹೋಗಿದ್ದೆ. "ಬಂದು ತಿಂಗಳಾಯ್ತು, ಊರು ನೋಡೇ ಇಲ್ಲವಲ್ಲ ನೀನು. ಬಾ, ಕಣ್ಣಿಡು," ಎಂದರು.

ಬೇಡವೆನ್ನಲು ಧೈರ್ಯವಾಗದೆ ಕಣ್ಣಿಟ್ಟೆ. ದ್ವೀಪದ ದೀಪಸ್ತಂಭ ಕೈಗೆ ಸಿಗುವಷ್ಟು ಹತ್ತಿರ ಬಂತು. ಅದರ ತಲೆಯ ಮೇಲೆ ಕೂತು ರೆಕ್ಕೆ ಒಣಗಿಸುವ ಕರಿಹಕ್ಕಿ. ಕೆಳಗೆ ಹಳೆಯ ಗಡಿಯಾರದ ಗೋಪುರ. ಅದು ಯಾವಾಗಲೂ ಇಪ್ಪತ್ತು ನಿಮಿಷ ಮುಂದಿದೆ.

ನಮ್ಮ ಪಕ್ಕದಲ್ಲೇ ಗೈಡಮ್ಮ ಬಾವುಟ ಎತ್ತಿಕೊಂಡು ಮೂವತ್ತು ಜನಕ್ಕೆ ಕತೆ ಹೇಳುತ್ತಿದ್ದಳು: ಕಾಲಿಲ್ಲದ ಪ್ರಿಯತಮೆಯನ್ನು ಹೊತ್ತು ಸೂರ್ಯಾಸ್ತ ತೋರಿಸಲು ಒಬ್ಬ ಕಲ್ಲುಕುಟಿಗ ಒಂಟಿಯಾಗಿ ಈ ಮೆಟ್ಟಿಲು ಕಡಿದನಂತೆ. ತಾತ ನನ್ನ ಕಿವಿಯಲ್ಲಿ, "ಎಲ್ಲಾ ಬೂಸಿ. ನೀರಿನ ಪೈಪ್ ಹಾಕೋಕೆ ನಮ್ಮಪ್ಪ ಮತ್ತೆ ಅವರ ಜೊತೆಯವರು ಕಡಿದಿದ್ದು. ಹೋದ ವರ್ಷ ಆ ಕಲ್ಲುಕುಟಿಗ ಬರೀ ಕುಂಟ ಆಗಿದ್ದ. ಈ ವರ್ಷ ಪ್ರಿಯತಮೆಗೇ ಕಾಲಿಲ್ಲ," ಎಂದರು. ನಗು ಬಂತು. ಬಾಯಿ ಮುಚ್ಚಿಕೊಂಡೆ.

ಆಮೇಲೆ ತಾತ ದುರ್ಬೀನನ್ನು ಲಾಂಚುಕಟ್ಟೆಯ ಕಡೆ ತಿರುಗಿಸಿದರು. ಮಧ್ಯಾಹ್ನದ ಲಾಂಚು ಬಂದು ನಿಂತಿತ್ತು. ಇಳಿಯುವವರ ಮುಖ ಒಂದೊಂದೂ ಕಾಣಿಸುತ್ತದೆ! ಮೀಸೆ, ಕನ್ನಡಕ, ಹಲ್ಲಿನ ಸಂದಿ ಕೂಡ. ಕೊನೆಯವನು ಇಳಿಯುವ ತನಕ ಕಣ್ಣು ತೆಗೆಯಲಿಲ್ಲ. ಬೆವರಿನಿಂದ ಕಣ್ಣು ಉರಿಯುತ್ತಿತ್ತು. ಮನೆಯವರು ಅವರಲ್ಲಿ ಇರಲಿಲ್ಲ.

"ನಾಳೆನೂ ಬರ್ಲಾ ತಾತ?" ಎಂದು ಕೇಳಿದೆ.

"ಬಾ ತಾಯಿ. ದೀಪಸ್ತಂಭ ಅಷ್ಟು ಇಷ್ಟ ಆಯ್ತಾ?"

ಹೂಂ ಎಂದೆ.

ಮಾರ್ಚ್ ೨೭, ಗುರುವಾರ

ನಾನು ಸಿಕ್ಕಿಬಿದ್ದೆ.

ಗೈಡಮ್ಮ ಬೆಳಿಗ್ಗೆ ಕುಣಿಯುತ್ತ ಬಂದು ಯಜಮಾನಿಯ ಮೇಜಿನ ಮೇಲೆ ಹೊಸ ಕಾರ್ಡುಗಳ ಕಟ್ಟು ಬಿಚ್ಚಿದಳು. ಲಾಂಚುಕಟ್ಟೆಯಲ್ಲಿ, ಲಾಡ್ಜುಗಳಲ್ಲಿ ಮಾರಲು ಅಚ್ಚು ಹಾಕಿಸಿದ ಕಾರ್ಡುಗಳು. ದೀಪಸ್ತಂಭದ್ದೊಂದು, ಗಡಿಯಾರದ್ದೊಂದು, ಮೆಟ್ಟಿಲಿನದೊಂದು. ನಾಲ್ಕನೆಯದು ನಮ್ಮ ತಾರಸಿ. ಹಾರುವ ಎರಡು ಬೆಡ್‌ಶೀಟುಗಳ ನಡುವೆ ಒಂದು ಹೆಣ್ಣಿನ ಮುಖ, ಅರ್ಧ. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದಾಳೆ.

ನೆಲ ಎಲ್ಲಿದೆಯೆಂದು ಗೊತ್ತಾಗದೆ ಕೂತುಬಿಟ್ಟೆ. ಗೈಡಮ್ಮ ಹೋದಮೇಲೆ ಯಜಮಾನಿ ಬಾಗಿಲು ಮುಂದೆಮಾಡಿ ನನ್ನೆದುರು ಬಂದು ನಿಂತರು. "ಜಿರಳೆ ಅಂತ ಹೇಳ್ಬೇಡ ಈಗ. ಯಾರಿಗೆ ಹೆದರ್ತಿದೀಯ?"

ಹೇಳಿಬಿಟ್ಟೆ. ಮಣಿಕಟ್ಟು, ಹಲ್ಲು, ಹಿಟ್ಟಿನ ಡಬ್ಬಿ, ಎಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಹೇಳಿದ್ದು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಚಿಕ್ಕದೇ ಅದು ಎಂದು ಅನಿಸಿತು.

"ಮೊದಲೇ ಹೇಳೋದಲ್ವಾ?" ಎಂದರು. ಸಮಾಧಾನ ಹೇಳಲಿಲ್ಲ, ತಲೆ ಸವರಲಿಲ್ಲ. ಎದ್ದು ಹೋಗಿ ಬಡಗಿಗೆ ಫೋನ್ ಮಾಡಿ ಹಿಂಬಾಗಿಲಿಗೆ ಚಿಲಕ ಹಾಕಲು ಹೇಳಿದರು. ಆ ನಾಲ್ಕನೆಯ ಕಾರ್ಡುಗಳನ್ನೆಲ್ಲ ಹಿಂದಕ್ಕೆ ತರಿಸುತ್ತೇನೆ ಎಂದರು. ಗೈಡಮ್ಮ ಆಗಲೇ ಅರ್ಧ ಹಂಚಿಯಾಗಿದೆಯಂತೆ.

"ಅದರಲ್ಲಿರೋದು ನೀನು ಅಂತ ನಿನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ ಕಣೆ," ಎಂದರು.

ಗೊತ್ತಾಗುತ್ತದೆ. ಮನೆಯವರು ಸರ್ವೆಯವರು. ದೂರದ ಚುಕ್ಕಿಯನ್ನು ಗುರುತಿಸುವುದೇ ಅವರ ಕೆಲಸ.

ಏಪ್ರಿಲ್ ೫, ಶನಿವಾರ

ಹೆದರಬೇಕಾದದ್ದು ಕಾರ್ಡಿಗಲ್ಲ.

ಅತ್ತೆ ಶನಿವಾರ ಹನ್ನೊಂದಕ್ಕೆ "ಸ್ವಲ್ಪ ಗಾಳಿ ಕುಡಿದು ಬರ್ತೀನಿ" ಎಂದು ಹೋಗುವುದು ಮೂರು ವಾರದಿಂದ ನಡೆದಿದೆ. ಮಂಡಿನೋವಿನವರು ನೂರು ಮೆಟ್ಟಿಲಿಳಿದು ಗಾಳಿ ಕುಡಿಯಲು ಹೋಗುತ್ತಾರೆಯೇ? ಗಾಳಿ ಇಲ್ಲೇ ಬೇಕಾದಷ್ಟಿದೆ. ಇವತ್ತು ಬುಟ್ಟಿ ಹೊತ್ತು ದೂರದಿಂದ ಹಿಂಬಾಲಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಲಾಂಚು ಟಿಕೆಟ್ ಕೋಣೆಯ ಕಿಟಕಿಯಲ್ಲಿ ಕಂಡರು. ಟಿಕೆಟ್ಟಿನವನು ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದ. ಅತ್ತೆ ಅವನ ಮೇಜಿನ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ನಿಂತಿದ್ದರು. ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿತ್ತು.

ಯಾರಿಗೆಂದು ಕೇಳಬೇಕೆ?

ಮೆಟ್ಟಿಲು ಹತ್ತಿ ಹೇಗೆ ಬಂದೆನೋ ಗೊತ್ತಿಲ್ಲ. ಕೈ ನಡುಗುತ್ತಿದೆ, ಅಕ್ಷರ ನೋಡಿದರೇ ತಿಳಿಯುತ್ತದೆ. ಕೆಳಗೆ ಮಶೀನು ನಿಂತಿದೆ, ಆದರೂ ನಡುಗುತ್ತಿದೆ.

ಏಪ್ರಿಲ್ ೬, ಭಾನುವಾರ

ಕೇಳಿಬಿಟ್ಟೆ. ಅತ್ತೆ ಸುಳ್ಳು ಹೇಳಲಿಲ್ಲ.

"ಮೂರು ಸಲ ಮಾಡಿದ್ದೀನಿ. ಮಾತಾಡಿಲ್ಲ ಕಣೆ. ಉಸಿರೂ ಬಿಟ್ಟಿಲ್ಲ. ಅವನು ಹಲೋ ಹಲೋ ಅಂತಾನೆ, ನಾನು ಇಟ್ಟುಬಿಡ್ತೀನಿ. ಅಷ್ಟೇ."

"ಯಾಕೆ ಅತ್ತೆ? ಅಷ್ಟೇ ಅಂದ್ರೆ ಏನು?"

"ಬದುಕಿದ್ದಾನಾ, ಊಟ ಮಾಡ್ತಿದ್ದಾನಾ, ದನಿ ಹೇಗಿದೆ ಅಂತ..." ಕೈಯಲ್ಲಿದ್ದ ದಿಂಬಿನ ಕವರು ಮಡಿಸಿಟ್ಟರು. "ನಿನ್ನೆ ಅವನು ಹಲೋ ಅನ್ಲಿಲ್ಲ. ಅಮ್ಮಾ ಅಂದ," ಎಂದರು.

ಫೋನಿನಲ್ಲಿ ನಂಬರು ಬಿದ್ದಿರುತ್ತದೆ. ಟಿಕೆಟ್ ಕೋಣೆಯ ನಂಬರು. ತಿರುಗಿ ಮಾಡಿದರೆ ಆ ಟಿಕೆಟ್ಟಿನವನು ಊರು, ಕೇರಿ, ಮೆಟ್ಟಿಲು ಎಲ್ಲವನ್ನೂ ಉಪಕಾರವೆಂದೇ ಹೇಳಿಬಿಡುತ್ತಾನೆ. ಅವನು ಎಲ್ಲರಿಗೂ ದಾರಿ ಹೇಳುವವನು.

ನಾನು ಕೂಗಾಡಿದೆ. "ನನ್ನ ಮುಖಾನ ಬೆಡ್‌ಶೀಟಲ್ಲಿ ಮುಚ್ಕೊಂಡು ತಿರುಗ್ತಿದ್ದೀನಿ, ನೀವು ಫೋನ್ ಮಾಡಿ ಕರೀತಿದ್ದೀರಾ? ಒಂಬತ್ತು ವರ್ಷ ಸಾಕಾಗ್ಲಿಲ್ವಾ ನಿಮಗೆ?" ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲಾಗದಂಥವು. ಅತ್ತೆ ಎದ್ದು ತಮ್ಮ ಚೀಲ ತೆಗೆದು ನನ್ನ ಬಟ್ಟೆ ತುಂಬತೊಡಗಿದರು. ನನ್ನದನ್ನು!

"ನೀನು ಹೋಗು. ಯಜಮಾನಿ ಎಲ್ಲಾದ್ರೂ ಕಳಿಸ್ತಾರೆ. ಎಲ್ಲಿಗೆ ಅಂತ ನನಗೆ ಹೇಳ್ಬೇಡ. ನನಗೆ ಗೊತ್ತಿದ್ರೆ ತಾನೇ ನಾನು ಕೆಡಿಸೋದು?"

ಚೀಲ ಬಾಗಿಲ ಹತ್ತಿರ ಇದೆ. ನಾಡಿದ್ದು ಬೆಳಿಗ್ಗೆ ಮೊದಲ ಲಾಂಚು. ಯಜಮಾನಿಯ ದೊಡ್ಡಮ್ಮನ ಮಗಳು ಇರುವ ಊರಂತೆ. ಹೆಸರು ಕೇಳಿದೆ, ಮರೆತೆ.

ಏಪ್ರಿಲ್ ೮, ಮಂಗಳವಾರ

ಹೋಗಲಿಲ್ಲ.

ಚೀಲ ಹಿಡಿದು ಇಳಿದಿದ್ದೆ. ಲಾಂಚು ಕೂಗಿತು. ಕಟ್ಟೆಯ ಮೇಲೆ ನಿಂತು ನೋಡುತ್ತಲೇ ಇದ್ದೆ, ಅದು ಹೊರಟುಹೋಯಿತು. ಯಾಕೆ ಹತ್ತಲಿಲ್ಲ ಎಂದು ಯಜಮಾನಿ ಕೇಳಿದರೆ, ದೊಡ್ಡ ಲಾಡ್ಜಿನ ನಲವತ್ತು ಬೆಡ್‌ಶೀಟು ಇವತ್ತೇ ಒಣಗಬೇಕಲ್ಲ, ಅತ್ತೆಯ ಮಂಡಿಗೆ ತಾರಸಿ ಹತ್ತಲಾಗುವುದಿಲ್ಲ ಎಂದೆ. ನಿಜವೂ ಹೌದು.

ಯಜಮಾನಿ ನನ್ನನ್ನು ಮೇಲ್ದಾರಿಯ ಪೊಲೀಸ್ ಚೌಕಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಮಹಿಳಾ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು, ಶೀತವಾಗಿ ಮೂಗು ಕಟ್ಟಿತ್ತು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. "ಗಂಡ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ಮನೆಯೊಳಗೆ ಮಾತ್ರ ಕರ್ಕೊಂಡು ಹೋಗ್ಬೇಡಿ. ನಾಲ್ಕು ಜನ ಇರೋ ಕಡೆ ನಿಂತ್ಕೊಳ್ಳಿ. ನಮಗೆ ಬರೋಕೆ ಆರು ನಿಮಿಷ ಬೇಕು."

ಆರು ನಿಮಿಷ. ಆರು ನಿಮಿಷದಲ್ಲಿ ಏನೇನು ಮುರಿಯಬಹುದು ಎಂದು ನನಗೆ ಗೊತ್ತು.

ಕೋಣೆಗೆ ಬಂದಾಗ ಅತ್ತೆ ನನ್ನ ಚೀಲ ನೋಡಿದರು, ನನ್ನನ್ನು ನೋಡಿದರು. ಚಹಾಕ್ಕೆ ನೀರಿಟ್ಟರು. ಎರಡು ಲೋಟದ್ದು.

ಏಪ್ರಿಲ್ ೧೦, ಗುರುವಾರ

ಟಿಕೆಟ್ಟಿನವನು ಮೆಟ್ಟಿಲ ಮೇಲೆ ಸಿಕ್ಕಿ, "ನಿಮ್ಮತ್ತೆಯನ್ನ ಕೇಳ್ಕೊಂಡು ಯಾರೋ ಫೋನ್ ಮಾಡಿದ್ರು. ಎಷ್ಟು ಮರ್ಯಾದೆಯ ಮನುಷ್ಯ! ನಾಲ್ಕು ಸಲ ಥ್ಯಾಂಕ್ಸ್ ಹೇಳಿದ್ರು," ಎಂದ.

ಬರುತ್ತಾನೆ.

ಏಪ್ರಿಲ್ ೧೨, ಶನಿವಾರ

ಮೂರೂ ಲಾಂಚುಗಳನ್ನು ದುರ್ಬೀನಿನಲ್ಲಿ ನೋಡಿದೆ. ತಾತನಿಗೆ ಈಗ ವಿಷಯ ಗೊತ್ತು. ಗಿರಾಕಿಗಳನ್ನು ಪಕ್ಕಕ್ಕೆ ನಿಲ್ಲಿಸಿ ನನಗೆ ಜಾಗ ಬಿಡುತ್ತಾರೆ. ಬಂದಿಲ್ಲ.

ಅನ್ನ ಸೇರುತ್ತಿಲ್ಲ. ಅತ್ತೆಗೂ ಸೇರುತ್ತಿಲ್ಲ. ತಟ್ಟೆ ಮುಂದಿಟ್ಟುಕೊಂಡು ಇಬ್ಬರೂ ಬಾಗಿಲು ನೋಡುತ್ತ ಕೂರುತ್ತೇವೆ.

ಏಪ್ರಿಲ್ ೧೫, ಮಂಗಳವಾರ

ಬಂದ.

ಲಾಂಚಿನಲ್ಲಿ ಅಲ್ಲ. ನಾನು ಇಷ್ಟು ದಿನ ಕಾದದ್ದೆಲ್ಲ ನೀರಿನ ಕಡೆಗೆ, ಅವನು ಬಂದದ್ದು ಗುಡ್ಡದ ಮೇಲಿನ ರಸ್ತೆಯಿಂದ, ಟ್ಯಾಕ್ಸಿಯಲ್ಲಿ. ಬೆಳಿಗ್ಗೆ ಹನ್ನೊಂದರ ಹೊತ್ತು, ಮೆಟ್ಟಿಲ ತುಂಬ ಜನ. ನಾನು ಒಣಗಿದ ಟವಲುಗಳ ಬುಟ್ಟಿ ಹೊತ್ತು ಮೇಲಿನ ಲಾಡ್ಜಿಗೆ ಹತ್ತುತ್ತಿದ್ದೆ. ತಲೆಯೆತ್ತಿದರೆ ಮೂರು ಮೆಟ್ಟಿಲ ಮೇಲೆ ನಿಂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ. ತೆಳ್ಳಗಾಗಿದ್ದಾನೆ. ನಗುತ್ತಿದ್ದ.

"ಮನೆಗೆ ಹೋಗೋಣ ನಡಿ," ಎಂದ. ಎಷ್ಟು ಮೆತ್ತಗೆ ಎಂದರೆ, ಯಾರಾದರೂ ಕೇಳಿದರೆ ಎಂಥ ಗಂಡ ಅನ್ನಬೇಕು, ಹಾಗೆ.

ಅವನು ಬುಟ್ಟಿ ತೆಗೆದು ಪಕ್ಕಕ್ಕಿಟ್ಟು, ನನ್ನ ಎಡಗೈ ಹಿಡಿದ. ಅದೇ ಮಣಿಕಟ್ಟು, ಅದೇ ಜಾಗ. ಅವನಿಗೆ ಗೊತ್ತು ಎಲ್ಲಿ ಒತ್ತಿದರೆ ಏನಾಗುತ್ತದೆಂದು. ಕೈ ಹಿಡಿದವನ ಹಾಗೆ ಹಿಡಿದು ಮೇಲಕ್ಕೆ ನಡೆಸತೊಡಗಿದ. ಹತ್ತು ಮೆಟ್ಟಿಲು ಹೋದೆ. ಹೌದು, ಹೋದೆ. ಕಾಲಿಗೆ ಹಳೆಯ ಅಭ್ಯಾಸ. ಎದುರು ಬಂದವರು ದಾರಿ ಬಿಟ್ಟುಕೊಟ್ಟರು. ಒಬ್ಬ ಹೆಂಗಸು ನನ್ನ ಮುಖ ನೋಡಿ, "ಏನಾಯ್ತು?" ಎಂದಳು. ಅವನು, "ನನ್ನ ಹೆಂಡತಿ. ತಲೆ ಸ್ವಲ್ಪ ಸರಿ ಇಲ್ಲ. ಔಷಧಿ ಬಿಟ್ಟು ಓಡಿಬಂದಿದ್ದಾಳೆ," ಎಂದ. ಆ ಹೆಂಗಸಿನ ಕಣ್ಣಲ್ಲಿ ಅವನ ಮೇಲೆ ಮರುಕ ಕಂಡಿತು.

ಲಾಂಡ್ರಿ ಕೆಳಗೆ ದೂರವಾಯಿತು. ಮೇಲೆ ಟ್ಯಾಕ್ಸಿ ಬಾಗಿಲು ತೆರೆದು ನಿಂತಿದೆ. ಒಳಗೆ ಕೂತರೆ ಮುಗಿಯಿತು ಎಂದು ಹೊಟ್ಟೆಯೊಳಗೆ ಯಾರೋ ಹೇಳಿದ ಹಾಗಾಯಿತು. ಪಕ್ಕದಲ್ಲಿ ಒಂದು ಹುಡುಗಿ ಮೀನಿನ ಚಿತ್ರದ ಮೇಲೆ ಕೂತ ಗೆಳತಿಯ ಕಡೆ ಫೋನ್ ಹಿಡಿದಿದ್ದಳು. ನಾನು ಅವಳ ಮುಂದೆ ಹೋಗಿ ಬಿದ್ದೆ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನನ್ನ ಫೋಟೊ ತೆಗಿ," ಎಂದೆ. ಪಿಸುಮಾತಿನಷ್ಟೇ ಬಂತು. ಆಮೇಲೆ ಅದೆಲ್ಲಿಂದ ಬಂತೋ, ಕಿರುಚಿದೆ. "ಫೋಟೊ ತೆಗೀರಿ! ಇವನ ಕೈ ಎಲ್ಲಿದೆ ನೋಡಿ, ತೆಗೀರಿ! ಎಲ್ಲರೂ ತೆಗೀರಿ!"

ಹುಡುಗಿ ಫೋನ್ ತಿರುಗಿಸಿದಳು. ಅವಳ ಗೆಳತಿಯೂ. ಮೇಲಿನ ಮೆಟ್ಟಿಲಲ್ಲಿ ಇನ್ನಿಬ್ಬರು, ಕೆಳಗೆ ಗೈಡಮ್ಮನ ಗುಂಪಿನವರು. ಅವನ ನಗು ಇದ್ದ ಹಾಗೇ ಇತ್ತು, ಆದರೆ ಕಣ್ಣು ಆ ಫೋನಿನಿಂದ ಈ ಫೋನಿಗೆ ಓಡಾಡುತ್ತಿತ್ತು. "ಇಡಿ ಕೆಳಗೆ! ಇದು ಗಂಡ ಹೆಂಡಿರ ವಿಷಯ!" ಎಂದು ಹುಡುಗಿಯ ಕೈಗೆ ಹೊಡೆದ. ಫೋನು ಠಣ್ಣೆಂದು ಮೆಟ್ಟಿಲುರುಳಿತು. ಜನ ಹೋ ಎಂದು ಕೂಗಿದರು.

ಅಷ್ಟರಲ್ಲಿ ಅತ್ತೆ. ಆ ಮಂಡಿಯಲ್ಲಿ ಅಷ್ಟು ಮೆಟ್ಟಿಲನ್ನು ಹೇಗೆ ಹತ್ತಿದರೋ. ಅವರನ್ನು ನೋಡಿದೊಡನೆ ಅವನ ಮುಖ ಮಗುವಿನಂತಾಯಿತು, ಅದು ನಾಟಕವಲ್ಲ. "ಅಮ್ಮಾ. ನೀನಾದ್ರೂ ಹೇಳು ಇವರಿಗೆ, ಇವಳ ತಲೆ ಸರಿ ಇಲ್ಲ ಅಂತ," ಎಂದ.

ಎಲ್ಲರೂ ಅತ್ತೆಯನ್ನು ನೋಡಿದರು. ನಾನೂ. ಇಷ್ಟು ದಿನ ನಾನು ಹೆದರಿದ್ದೆಲ್ಲ ಆ ಒಂದು ಕ್ಷಣದೊಳಗೆ ಇತ್ತು. ಅತ್ತೆ ಏದುಸಿರು ಬಿಡುತ್ತ ಅವನ ಕೆನ್ನೆ ಮುಟ್ಟಿದರು. ನನ್ನ ಜೀವ ಹೋಯಿತು. ಆಮೇಲೆ ಜನರ ಕಡೆ ತಿರುಗಿ, ತುಟಿಯನ್ನು ಬೆರಳಿನಿಂದ ಮೇಲೆತ್ತಿ ಮುರಿದ ಹಲ್ಲು ತೋರಿಸಿದರು.

"ಇದನ್ನ ಮುರಿದವನು ಇವನು. ನನ್ನ ಮಗ. ಆ ಕೈನೂ ಇವನೇ ಮುರಿದಿದ್ದು. ಅವಳ ತಲೆ ಸರಿಯಾಗೇ ಇದೆ."

ಮಣಿಕಟ್ಟಿನ ಮೇಲಿನ ಹಿಡಿತ ಬಿಟ್ಟಿತು. ದುರ್ಬೀನು ತಾತನೂ ಟ್ಯಾಕ್ಸಿಯವನೂ ಮೇಲಿನಿಂದ ಅಡ್ಡಗಟ್ಟಿದರು. ಯಜಮಾನಿ ಆಗಲೇ ಚೌಕಿಗೆ ಫೋನ್ ಮಾಡಿದ್ದರು. ಆರಲ್ಲ, ಒಂಬತ್ತು ನಿಮಿಷ ಹಿಡಿಯಿತು.

ಕೈ ಊದಿದೆ. ಬರೆಯುವ ಕೈ ಅಲ್ಲ, ಪುಣ್ಯಕ್ಕೆ.

ಏಪ್ರಿಲ್ ೧೬, ಬುಧವಾರ

ಚೌಕಿಯಲ್ಲಿ ಮೂರು ಗಂಟೆ. ಇನ್ಸ್‌ಪೆಕ್ಟರಿಗೆ ಇನ್ನೂ ಶೀತ ಹೋಗಿಲ್ಲ. ನನ್ನ ಮಾತೆಲ್ಲ ಬರೆದುಕೊಂಡ ಮೇಲೆ, ಆಸ್ಪತ್ರೆಯ ಚೀಟಿಯಲ್ಲಿ ಬಚ್ಚಲಲ್ಲಿ ಬಿದ್ದಿದ್ದು ಅಂತ ಇದ್ದರೆ ವಕೀಲರು ಅದನ್ನೇ ಹಿಡಿಯುತ್ತಾರೆ ಎಂದರು.

"ಅದನ್ನ ಬರೆಸಿದವಳು ನಾನು," ಎಂದರು ಅತ್ತೆ. "ಸುಳ್ಳು ಅಂತ ಗೊತ್ತಿದ್ದೇ ಬರೆಸಿದ್ದು. ಅದನ್ನೂ ಬರ್ಕೊಳ್ಳಿ. ನನಗೆ ಶಿಕ್ಷೆ ಇದ್ರೆ ಅದನ್ನೂ ಬರ್ಕೊಳ್ಳಿ."

ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡರು.

ಏಪ್ರಿಲ್ ೨೪, ಗುರುವಾರ

ಜಾಮೀನು ಸಿಕ್ಕಿದೆಯಂತೆ. ಈ ಬಡಾವಣೆಗೆ ಕಾಲಿಡಬಾರದೆಂದು ಆದೇಶವಿದೆ. ಕಾಗದದ ಮೇಲಿನ ಅಕ್ಷರ ಅವನ ಕಾಲು ಹಿಡಿಯುತ್ತದೆಯೇ? ಮೇ ಹತ್ತೊಂಬತ್ತಕ್ಕೆ ವಿಚಾರಣೆ. ಅವತ್ತು ಒಂದೇ ಕೋಣೆಯಲ್ಲಿ ಅವನ ಎದುರು ನಿಲ್ಲಬೇಕು.

ಅತ್ತೆ ಮಾತು ಬಿಟ್ಟಿದ್ದಾರೆ. ಮಡಿಸುತ್ತಾರೆ, ಜೋಡಿಸುತ್ತಾರೆ, ಗೋಡೆ ನೋಡುತ್ತಾರೆ. ಇವತ್ತು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ, ಬಂದು ಪಕ್ಕದಲ್ಲಿ ಕೂತರು. "ಚಿಕ್ಕವನಿದ್ದಾಗ ನಾಯಿಮರಿ ಸತ್ತಿತ್ತು ಅಂತ ಎರಡು ದಿನ ಊಟ ಬಿಟ್ಟಿದ್ದ. ಎಲ್ಲಿ ತಪ್ಪಿತು ಅಂತ ಹುಡುಕ್ತೀನಿ, ಸಿಗಲ್ಲ," ಎಂದರು. ಅವನಿಗಾಗಿ ಅಳಲು ನನ್ನಿಂದ ಆಗದು. ಅವರು ಅಳುವಾಗ ಎದ್ದು ಹೋಗಲೂ ಆಗಲಿಲ್ಲ. ಬೆಡ್‌ಶೀಟಿನ ಒಂದು ತುದಿ ಅವರ ಕೈಗೆ ಕೊಟ್ಟೆ. ಇಬ್ಬರೂ ಸೇರಿ ಮಡಿಸಿದೆವು. ಹದಿನೆಂಟು ಮುಗಿಯಿತು.

ಮೇ ೪, ಭಾನುವಾರ

ಇವತ್ತು ಅತ್ತೆಗೂ ನನಗೂ ದೊಡ್ಡ ಜಗಳ.

ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಸುರಿದಿದ್ದರು. ಬಾಯಿಗಿಡಲಾಗುವುದಿಲ್ಲ ಎಂದೆ. ಅದಕ್ಕೆ ಅವರು, "ಒಂಬತ್ತು ವರ್ಷ ಇದೇ ಕೈಯಡಿಗೆ ತಿಂದೆ, ಆಗೆಲ್ಲ ಉಪ್ಪು ಸರಿಯಿತ್ತಾ?" ಎಂದರು. ಆಗಲೂ ಜಾಸ್ತಿಯೇ ಇತ್ತು ಎಂದೆ. "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದರು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಹಾಗಾದರೆ ನಾಳೆಯಿಂದ ನೀನೇ ಮಾಡು ಎಂದರು. ಮಾಡುತ್ತೇನೆ, ನೀವು ಬೆಡ್‌ಶೀಟು ಮಡಿಸುವ ಚೆಂದ ನೋಡಿ ಲಾಡ್ಜಿನವರು ನಗುತ್ತಿದ್ದಾರೆ, ಒಂದು ಅಂಚಾದರೂ ಕೂಡಿರುತ್ತದೆಯೇ ಎಂದೆ. ಅದು ಅವರಿಗೆ ನಾಟಿತು. ನನ್ನ ದನಿ ಏರಿತ್ತು, ಅವರದು ಇನ್ನೂ ಏರಿತ್ತು, ಕಿಟಕಿ ತೆರೆದಿತ್ತು. ಮೆಟ್ಟಿಲ ಮೇಲೆ ಗೈಡಮ್ಮನ ಗುಂಪು ನಿಂತು ಮೇಲೆ ನೋಡುತ್ತಿತ್ತು. ಒಬ್ಬ ಫೋಟೊ ಕೂಡ ತೆಗೆದ. ಅವನಿಗೂ ಎರಡು ಮಾತು ಬೈದೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಎಂದು ಯಜಮಾನಿ ಕೆಳಗಿನಿಂದ ಕೂಗಿದರು. "ಮೆತ್ತಗೆ ಜಗಳ ಆಡಿ, ಗಿರಾಕಿಗಳಿದ್ದಾರೆ!"

ಅತ್ತೆ ಮುಖ ತಿರುಗಿಸಿ ಕೂತಿದ್ದಾರೆ. ತಾವೇ ಮಾಡಿದ ಪಲ್ಯವನ್ನು ಹಟಕ್ಕೆ ಪೂರ್ತಿ ತಿಂದರು, ಈಗ ನೀರಿನ ಮೇಲೆ ನೀರು ಕುಡಿಯುತ್ತಿದ್ದಾರೆ. ಸಂಜೆಯಾಗುತ್ತ ಬಂತು. ನಾನಾಗಿ ಮಾತಾಡಿಸುವುದಿಲ್ಲ. ಉಪ್ಪು ಜಾಸ್ತಿಯಾದದ್ದು ಅವರಿಂದ, ಅವರೇ ಮೊದಲು ಮಾತಾಡಲಿ.